ಕಮಾಂಡೊ ಮೇಷ್ಟ್ರ ಪಾಠ

ಜುಲೈ 26, ಆಗಸ್ಟ್ 15, ಡಿಸೆಂಬರ್ 16. ಹಾಸನ, ಚಿಕ್ಕಮಗಳೂರು ಕಡೆಯ ಶಾಲೆಗಳಿಗೆ ಮಾಜಿ ಸೈನಿಕರ ನೆನಪಾಗುವುದು ಹೆಚ್ಚಾಗಿ ಈ ಮೂರು ದಿನ. ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ‘ಎರಡು ಮಾತಾಡಿ ಸಾರ್’ ಎಂದು ಮೈಕು ಕೊಡುತ್ತಾರೆ. ಮಕ್ಕಳಿಗೆ ಪ್ರಶ್ನೆ ಕೇಳಲು ಬಿಟ್ಟರೆ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ನೀವು ಎಷ್ಟು ಜನರನ್ನು ಹೊಡೆದಿದ್ದೀರಿ?’ ವೇದಿಕೆಯ ಮೇಲಿರುವವರು 1971ರಲ್ಲಿ ಕಮಾಂಡೊ ಪಲ್ಟನ್ನಿನಲ್ಲಿದ್ದವರು ಅಂತ ಗೊತ್ತಾದರಂತೂ ಸಭೆ ಕಿವಿ ನಿಮಿರಿಸಿ ಕೂರುತ್ತದೆ. ಅವರು ಸುಮ್ಮನೆ ನಕ್ಕು, ದೇಶದ ಬಗ್ಗೆ ನಾಲ್ಕು ಮಾತು ಹೇಳಿ, ಕಾಫಿ ಕುಡಿದು ಹೋಗಿಬಿಡುತ್ತಾರೆ.

ಅದೇ ಮನುಷ್ಯನನ್ನು ‘ಆ ರಾತ್ರಿ ದಾರಿ ಹೇಗೆ ಹುಡುಕಿದಿರಿ?’ ಎಂದು ಕೇಳಿ ನೋಡಬೇಕು. ಕುರ್ಚಿಯ ತುದಿಗೆ ಸರಿದು, ‘ಒಂದು ಸೀಮೆಸುಣ್ಣ ಕೊಡಿ’ ಎನ್ನುತ್ತಾರೆ. ಯುದ್ಧ ನಡೆದದ್ದು ಹದಿಮೂರು ಹದಿನಾಲ್ಕು ದಿನ. ಅದಾದ ಮೇಲೆ ಇಂಥವರಲ್ಲಿ ಎಷ್ಟೋ ಮಂದಿ ಉಳಿದ ಸೇವೆಯ ದೊಡ್ಡ ಪಾಲನ್ನು ಕಳೆದದ್ದು ಉಸ್ತಾದರಾಗಿ, ಅಂದರೆ ತರಬೇತುದಾರರಾಗಿ: ಬೆಳಗಾವಿಯ ಕಮಾಂಡೊ ವಿಂಗಿನಲ್ಲಿ, ರೆಜಿಮೆಂಟಿನ ತರಬೇತಿ ಕೇಂದ್ರದಲ್ಲಿ, ಇಲ್ಲವೇ ಎನ್‌ಸಿಸಿ ಬೆಟಾಲಿಯನ್ನಿನ ಪಿ.ಐ. ಸ್ಟಾಫ್ (ಕಾಯಂ ತರಬೇತುದಾರ) ಆಗಿ. ಅವರಿಗೆ ಕೈಗತವಾಗಿರುವುದು ಪಾಠ. ನಾವು ಕೇಳುತ್ತಿರುವುದು ಕಥೆ.

ಸೇನೆಯಲ್ಲಿ ಪಾಠ ಹೇಳುವವರು ಎರಡು ಬಗೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಊರಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಒಂದು, ಆರ್ಮಿ ಎಜುಕೇಷನ್ ಕೋರ್. ಇದರ ತರಬೇತಿ ಕಾಲೇಜು ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. ಸಾತ್ಪುಡದ ಆ ಗಿರಿಧಾಮಕ್ಕೂ ನಮ್ಮ ಚಿಕ್ಕಮಗಳೂರಿಗೂ ಎತ್ತರದಲ್ಲಿ ಅಂಥ ವ್ಯತ್ಯಾಸವೇನಿಲ್ಲ, ಎರಡೂ ಸಾವಿರ ಮೀಟರಿನ ಸ್ವಲ್ಪ ಮೇಲೆ. ಡಿಗ್ರಿ ಮಾಡಿದವರನ್ನು ನೇರವಾಗಿ ಹವಾಲ್ದಾರ್ ದರ್ಜೆಗೆ ತೆಗೆದುಕೊಂಡು, ಮೊದಲು ಸಿಪಾಯಿಯ ತರಬೇತಿ ಕೊಟ್ಟು, ಆಮೇಲೆ ಮೇಷ್ಟರನ್ನಾಗಿ ಮಾಡಿ ಪಲ್ಟನ್ನುಗಳಿಗೆ ಕಳಿಸುತ್ತಾರೆ. ಭಾಷೆ, ಲೆಕ್ಕ, ಸಾಮಾನ್ಯಜ್ಞಾನ, ನಕ್ಷೆ ಓದುವುದು ಇವರ ಪಾಲು. ಚೀನೀ ಭಾಷೆ ಕಲಿಸುವ ವಿಭಾಗವೂ, ಸೇನೆಯ ಬ್ಯಾಂಡಿನವರನ್ನು ತಯಾರು ಮಾಡುವ ಸಂಗೀತ ವಿಭಾಗವೂ ಅದೇ ಪಚ್‌ಮಢಿಯಲ್ಲಿವೆ. ಇನ್ನೊಂದು ಬಗೆಯವರು ಪಲ್ಟನ್ನಿನಿಂದಲೇ ಬಂದ ಉಸ್ತಾದರು. ಆಯುಧ, ಫೀಲ್ಡ್‌ಕ್ರಾಫ್ಟ್ (ನೆಲದ ಮರೆ ಬಳಸಿ ಅಡಗುವ, ಚಲಿಸುವ ವಿದ್ಯೆ), ರಾತ್ರಿ ನಡಿಗೆ, ಗಸ್ತು ಇವರ ಪಾಲು. ಈ ಎರಡೂ ಪಾಠಗಳು ಕೂಡುವ ಜಾಗ ನಕ್ಷೆ. ಮೇಷ್ಟ್ರು ಕೋಣೆಯೊಳಗೆ ಕಲಿಸಿದ್ದನ್ನು ಉಸ್ತಾದ್ ಕತ್ತಲಿಗೆ ಒಯ್ದು ಪರೀಕ್ಷೆ ಮಾಡುತ್ತಾನೆ. ಸಿಪಾಯಿಯ ಬಡ್ತಿಗೆ ಸೇನೆಯ ಶಿಕ್ಷಣ ಸರ್ಟಿಫಿಕೇಟ್ ಎಷ್ಟು ಮುಖ್ಯವೋ ಮ್ಯಾಪ್ ರೀಡಿಂಗ್ ಸರ್ಟಿಫಿಕೇಟೂ ಅಷ್ಟೇ ಮುಖ್ಯ. ಬಂದೂಕು ಚೆನ್ನಾಗಿ ಹೊಡೆಯುವ ಎಷ್ಟೋ ಹುಡುಗರು ಬಡ್ತಿಯಲ್ಲಿ ಮುಗ್ಗರಿಸುವುದು ಇಲ್ಲೇ.

ಕಮಾಂಡೊ ಪಲ್ಟನ್ನುಗಳ ಕಥೆ ಚಿಕ್ಕದು. 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಸ್ವಯಂಸೇವಕರ ಒಂದು ಸಣ್ಣ ಗುಂಪು ಕಟ್ಟಿ ಗಡಿಯಾಚೆ ದಾಳಿ ಮಾಡಿದರು, ಅದಕ್ಕೆ ಮೇಘದೂತ ಪಡೆ ಎಂದೇ ಹೆಸರಾಯಿತು. ಆ ಅನುಭವದ ಮೇಲೆ 1966ರಲ್ಲಿ 9ನೇ ಪ್ಯಾರಾ ಕಮಾಂಡೊ ಬೆಟಾಲಿಯನ್ ಹುಟ್ಟಿತು. ಮರುವರ್ಷ ಅದನ್ನು ಒಡೆದು 10ನೆಯದನ್ನು ಮಾಡಿದರು. ಒಂಬತ್ತು ಬೆಟ್ಟಕ್ಕೆ, ಹತ್ತು ಮರುಭೂಮಿಗೆ. 1971ರ ಡಿಸೆಂಬರಿನಲ್ಲಿ ಹತ್ತನೆಯದು ಲೆಫ್ಟಿನೆಂಟ್ ಕರ್ನಲ್ ಭವಾನಿ ಸಿಂಗ್ ಅವರ ಕೈಕೆಳಗೆ ಜೀಪುಗಳಲ್ಲಿ ಪಾಕಿಸ್ತಾನದ ಸಿಂಧ್‌ನ ಮರಳಿನೊಳಗೆ ಸುಮಾರು 80 ಕಿಲೋಮೀಟರ್ ನುಗ್ಗಿ ಛಾಛ್ರೋ ಪಟ್ಟಣ ಹಿಡಿಯಿತು. ಒಂಬತ್ತನೆಯದರ ಒಂದು ತಂಡ ಡಿಸೆಂಬರ್ 13ರ ರಾತ್ರಿ ಪೂಂಛ್ ನದಿ ದಾಟಿ ಮಂಢೋಲ್‌ನಲ್ಲಿ ಪಾಕಿಸ್ತಾನದ ಆರು ಫಿರಂಗಿಗಳನ್ನು ಹಾಳುಗೆಡವಿ ಬಂತು. ಪೂರ್ವದಲ್ಲಿ, ಈಗಿನ ಬಾಂಗ್ಲಾದೇಶದಲ್ಲಿ, 2ನೇ ಪ್ಯಾರಾ ಬೆಟಾಲಿಯನ್ ಡಿಸೆಂಬರ್ 11ರಂದು ಟಾಂಗೈಲ್ ಬಳಿ ವಿಮಾನದಿಂದ ಪ್ಯಾರಾಶೂಟಿನಲ್ಲಿ ಇಳಿದು ಪೂಂಗ್ಲಿ ಸೇತುವೆ ಹಿಡಿಯಿತು. ಇದು ಕಮಾಂಡೊ ಪಲ್ಟನ್ ಅಲ್ಲ, ಪ್ಯಾರಾಶೂಟ್ ಪಲ್ಟನ್. ಊರಿನ ಭಾಷಣಗಳಲ್ಲಿ ಎಲ್ಲರೂ ‘ಕಮಾಂಡೊ’ ಆಗಿಬಿಡುತ್ತಾರೆ.

ಈ ಮೂರನ್ನೂ ಪರಾಕ್ರಮವೆಂದು ಓದಿದರೆ ಅರ್ಧ ಪುಟಕ್ಕೆ ಮುಗಿಯುತ್ತದೆ. ಲೆಕ್ಕವೆಂದು ಓದಿದರೆ ಮುಗಿಯುವುದೇ ಇಲ್ಲ.

ಟಾಂಗೈಲ್ ತರಹದ ಜಿಗಿತವನ್ನೇ ತೆಗೆದುಕೊಳ್ಳಿ. ವಿಮಾನ ಸೆಕೆಂಡಿಗೆ ಸುಮಾರು 60 ಮೀಟರ್ ಓಡುತ್ತಿದೆ ಎನ್ನೋಣ. ಇಪ್ಪತ್ತು ಜನ ಸೆಕೆಂಡಿಗೊಬ್ಬರಂತೆ ಹಾರಿದರೂ ಮೊದಲನೆಯವನಿಗೂ ಕೊನೆಯವನಿಗೂ ನೆಲದ ಮೇಲೆ ಒಂದು ಕಿಲೋಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ. 300 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಮೀಟರ್ ಇಳಿದರೆ ಒಂದು ನಿಮಿಷ ಗಾಳಿಯಲ್ಲಿ. ಗಾಳಿ ಸೆಕೆಂಡಿಗೆ 5 ಮೀಟರ್ ಬೀಸುತ್ತಿದ್ದರೆ ಅಷ್ಟರಲ್ಲಿ ಇನ್ನೂ 300 ಮೀಟರ್ ಪಕ್ಕಕ್ಕೆ. ನೆಲ ಮುಟ್ಟಿದವನು ಮೊದಲು ಮಾಡಬೇಕಾದ್ದು ತನ್ನವರನ್ನು ಕೂಡಿಕೊಳ್ಳುವುದು. ಮೊದಲು ಹಾರಿದವರು ವಿಮಾನ ಹೋದ ದಿಕ್ಕಿಗೆ ನಡೆಯಬೇಕು, ಕೊನೆಗೆ ಹಾರಿದವರು ವಿಮಾನ ಬಂದ ದಿಕ್ಕಿಗೆ, ನಡುವಿನವರು ಇದ್ದಲ್ಲೇ ಇರಬೇಕು. ಸಾಲು ಎರಡು ಕಡೆಯಿಂದ ಮಡಿಚಿಕೊಳ್ಳುತ್ತದೆ. ವಿಮಾನ ಯಾವ ದಿಕ್ಕಿಗೆ ಹೋಗುತ್ತಿತ್ತು ಎಂಬುದನ್ನು ಹಾರುವ ಗಡಿಬಿಡಿಯಲ್ಲಿ ಮರೆತವನು ಎದುರು ದಿಕ್ಕಿಗೆ ಹೊರಟುಬಿಡುತ್ತಾನೆ. ಅದಕ್ಕೇ ಆ ದಿಕ್ಕಿನ ಡಿಗ್ರಿಯನ್ನು (ಉತ್ತರದಿಂದ ಬಲಕ್ಕೆ ಎಣಿಸಿದ್ದು) ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿಸುತ್ತಾರೆ.

ಮರುಭೂಮಿಯ ಪಾಠ ಬೇರೆ. ಮರಳ ದಿಬ್ಬಗಳು ಜಾಗ ಬದಲಾಯಿಸುವುದರಿಂದ ನಕ್ಷೆಯಲ್ಲಿರುವುದು ನೆಲದಲ್ಲಿರುವುದಿಲ್ಲ. ದಿಕ್ಕು ಕಂಪಾಸಿನಿಂದ, ದೂರ ಜೀಪಿನ ಮೀಟರಿನಿಂದ. ಎರಡೂ ಸುಳ್ಳು ಹೇಳುತ್ತವೆ. ಸಡಿಲ ಮರಳಿನಲ್ಲಿ ಚಕ್ರ ಜಾರಿ ಸುತ್ತುವುದರಿಂದ ಮೀಟರು ಹೆಚ್ಚು ತೋರಿಸುತ್ತದೆ, ನಿಜವಾಗಿ ಹೋಗಿರುವುದು ಕಡಿಮೆ. ಜೀಪಿನ ಕಬ್ಬಿಣ ಕಂಪಾಸಿನ ಮುಳ್ಳನ್ನು ಎಳೆಯುತ್ತದೆ. ಹಾಗಾಗಿ ಗಾಡಿ ನಿಲ್ಲಿಸಿ, ಇಳಿದು, ಒಂದಿಪ್ಪತ್ತು ಮೀಟರ್ ಮುಂದೆ ನಡೆದು ದಿಕ್ಕು ನೋಡಿ ಬರಬೇಕು, ಪ್ರತಿ ಸಲವೂ. ಸೋಮಾರಿತನ ಮಾಡಿ ಬಾನೆಟ್ಟಿನ ಮೇಲೆ ಕಂಪಾಸ್ ಇಟ್ಟು ನೋಡಿದವನ ಇಡೀ ಸಾಲು ಓರೆಯಾಗುತ್ತದೆ. ದಿಬ್ಬ ಅಡ್ಡ ಬಂದಾಗ ಒಮ್ಮೆ ಎಡಕ್ಕೆ ಬಳಸಿದರೆ ಮುಂದಿನದಕ್ಕೆ ಬಲಕ್ಕೆ ಬಳಸಬೇಕು. ಡ್ರೈವರುಗಳು ಅಭ್ಯಾಸಬಲದಿಂದ ಒಂದೇ ಕಡೆ ತಿರುಗಿಸುತ್ತಾರೆ, ತಪ್ಪು ಒಂದೇ ಕಡೆಗೆ ಸೇರುತ್ತಾ ಹೋಗುತ್ತದೆ.

ನಕ್ಷತ್ರ ನೋಡಿ ನಡೆಯುವುದನ್ನು ಎಲ್ಲರೂ ಸುಲಭವೆಂದುಕೊಂಡಿದ್ದಾರೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಕಾಲು ಗಂಟೆಗೊಮ್ಮೆ ಹೊಸ ನಕ್ಷತ್ರ ಆರಿಸಿಕೊಳ್ಳದಿದ್ದರೆ ಅದು ನಿಮ್ಮನ್ನು ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಧ್ರುವ ನಕ್ಷತ್ರ ಕದಲುವುದಿಲ್ಲ, ನಿಜ. ಆದರೆ ಅದರ ಎತ್ತರ ಆಯಾ ಊರಿನ ಅಕ್ಷಾಂಶದಷ್ಟು. ಪೂಂಛ್‌ನಲ್ಲಿ ಸುಮಾರು 34 ಡಿಗ್ರಿ ಮೇಲಿರುತ್ತದೆ, ಛಾಛ್ರೋದಲ್ಲಿ 25. ನಮ್ಮ ಚಿಕ್ಕಮಗಳೂರು, ಹಾಸನದಲ್ಲಿ ಬರೀ 13. ಕೈ ನೀಡಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ ಮುಚ್ಚುತ್ತದೆ, ಅಂದರೆ ಒಂದು ಮುಷ್ಟಿಗಿಂತ ತುಸು ಮೇಲೆ. ಮಲೆನಾಡಿನಲ್ಲಿ ಅಷ್ಟು ಕೆಳಗೆ ಗುಡ್ಡ ಇರುತ್ತದೆ, ಇಲ್ಲವೇ ಸಿಲ್ವರ್ ಓಕ್ ಮರ, ಇಲ್ಲವೇ ಮೋಡ. ಚನ್ನರಾಯಪಟ್ಟಣ, ಅರಸೀಕೆರೆ ಬಯಲಲ್ಲಾದರೆ ಕಾಣುತ್ತದೆ. ಉತ್ತರದಲ್ಲಿ ಸೇವೆ ಮಾಡಿ ಬಂದ ಉಸ್ತಾದ್ ಇಲ್ಲಿಯ ಹುಡುಗರಿಗೆ ‘ಧ್ರುವ ನೋಡ್ಕೊಂಡು ನಡೀರಿ’ ಎಂದರೆ ಪಾಠ ಅಲ್ಲಿಗೇ ನಿಂತಿತು. ಊರು ಬದಲಾದರೆ ಪಾಠ ಬದಲಾಗಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಿಕ್ಕಿಲ್ಲ.

ಕಂಪಾಸಿನದೂ ಹಾಗೆಯೇ. ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ವ್ಯತ್ಯಾಸ ಒಂದೆರಡು ಡಿಗ್ರಿಯೊಳಗೇ, ಆ ಚಿಂತೆ ಕಡಿಮೆ. ಆದರೆ ಚಿಕ್ಕಮಗಳೂರು ಜಿಲ್ಲೆಗೆ ತನ್ನದೇ ಒಂದು ತೊಂದರೆ ಇದೆ: ನೆಲದ ಕೆಳಗಿನ ಕಬ್ಬಿಣ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆದದ್ದು ಮ್ಯಾಗ್ನಟೈಟ್ ಅದಿರು, ಹೆಸರೇ ಹೇಳುವಂತೆ ಅಯಸ್ಕಾಂತದ ಗುಣದ್ದು. ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಕೆಮ್ಮಣ್ಣುಗುಂಡಿ, ಬಾಬಾಬುಡನ್ ಸಾಲು ಕೂಡ ಕಬ್ಬಿಣದ ಬೆಟ್ಟಗಳೇ. ಇಂಥ ಕಡೆ ಮುಳ್ಳು ಇದ್ದಕ್ಕಿದ್ದಂತೆ ಓರೆಯಾಗಬಹುದು. ಪತ್ತೆ ಹಚ್ಚುವ ದಾರಿ ಇದು: ಇಲ್ಲಿಂದ ಅಲ್ಲಿಗೆ ಡಿಗ್ರಿ ನೋಡಿ, ಅಲ್ಲಿಗೆ ಹೋಗಿ ಹಿಂತಿರುಗಿ ಇಲ್ಲಿಗೆ ನೋಡಬೇಕು. ಎರಡರ ನಡುವೆ ಸರಿಯಾಗಿ 180 ಬರದಿದ್ದರೆ ಎರಡರಲ್ಲೊಂದು ಜಾಗದಲ್ಲಿ ಏನೋ ಎಳೆಯುತ್ತಿದೆ. ಕಂಪಾಸನ್ನು ಬೈಯುವ ಮೊದಲು ಸೊಂಟ ನೋಡಿಕೊಳ್ಳಬೇಕು. ಚಾಕು, ಮೊಬೈಲು, ಬೆಲ್ಟಿನ ಬಕಲ್. ಮುಳ್ಳುತಂತಿ ಬೇಲಿಯಿಂದ 10 ಮೀಟರ್, ಗಾಡಿಯಿಂದ 20, ಹೈಟೆನ್ಷನ್ ಲೈನಿನಿಂದ 55-60 ಮೀಟರ್ ದೂರ ಸರಿಯಬೇಕು. ಎಸ್ಟೇಟಿನ ಬೇಲಿಗೆ ಒರಗಿ ನಿಂತು ದಿಕ್ಕು ನೋಡುವುದು ಇಲ್ಲಿಯ ಹುಡುಗರು ತಪ್ಪದೇ ಮಾಡುವ ತಪ್ಪು.

ಇನ್ನು ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಹಳೆಯ ಸಂಖ್ಯಾಕ್ರಮದಲ್ಲಿ ಚಿಕ್ಕಮಗಳೂರು ಪೇಟೆ 48 ಓ/15ರ ಎಡ ಅಂಚಿನಲ್ಲಿದೆ, ಮುಳ್ಳಯ್ಯನಗಿರಿ ಪಕ್ಕದ 48 ಓ/11ರಲ್ಲಿ. ಪೇಟೆಯಲ್ಲಿ ನಿಂತು ಕಣ್ಣೆದುರಿಗೇ ಕಾಣುವ ಬೆಟ್ಟ ಕೈಯಲ್ಲಿರುವ ಹಾಳೆಯಲ್ಲಿಲ್ಲ! ಎರಡು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸುವುದೇ ಮೊದಲ ಪಾಠವಾಗುತ್ತದೆ. ಒಳ್ಳೆಯದೇ. ಅಂಚು ಕೂಡಿಸುವಾಗ ಚೌಕಗಳ ಗೆರೆ ಒಂದು ಮಿಲಿಮೀಟರ್ ತಪ್ಪಿದರೂ ನೆಲದಲ್ಲಿ 50 ಮೀಟರ್ ತಪ್ಪಿದಂತೆ ಎಂಬುದು ಕೈಗೆ ಅಂಟು ಮೆತ್ತಿಕೊಂಡಾಗಲೇ ತಲೆಗೆ ಹೋಗುವುದು.

ಕಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಕಲಿಸಲು ಹಳೆಯ ಉಸ್ತಾದರು ಬಳಸುವುದು ಹುಡುಗನ ಕೈಯನ್ನೇ. ಮುಷ್ಟಿ ಕಟ್ಟಿಸಿ, ಗೆಣ್ಣುಗಳ ಸುತ್ತ ಪೆನ್ನಿನಿಂದ ಒಂದರ ಕೆಳಗೊಂದು ಸುತ್ತುಗೆರೆ ಎಳೆಯುತ್ತಾರೆ. ಗೆಣ್ಣು ಶಿಖರ, ಎರಡು ಗೆಣ್ಣುಗಳ ನಡುವಿನ ತಗ್ಗು ಕಣಿವೆದಾರಿ, ಬೆರಳು ಇಳಿಯುವ ಜಾಗ ಬೆಟ್ಟದ ಏಣು, ಬೆರಳುಗಳ ಸಂದು ಹಳ್ಳ. ಆಮೇಲೆ ಮುಷ್ಟಿ ಬಿಚ್ಚಿ ಅಂಗೈ ಚಾಚು ಎನ್ನುತ್ತಾರೆ. ಗೆರೆಗಳೆಲ್ಲ ಚಪ್ಪಟೆಯಾಗಿ ನಕ್ಷೆಯಂತೆ ಹರಡಿಕೊಳ್ಳುತ್ತವೆ. ಏಣು ಮತ್ತು ಹಳ್ಳ ನಕ್ಷೆಯಲ್ಲಿ ಒಂದೇ ಆಕಾರದ ಕೊಕ್ಕೆ. ಕೊಕ್ಕೆಯ ಮೂತಿ ತಗ್ಗಿನ ಕಡೆಗಿದ್ದರೆ ಏಣು, ಎತ್ತರದ ಕಡೆಗಿದ್ದರೆ ಹಳ್ಳ. ರಾತ್ರಿ ಹೊತ್ತು ಇದನ್ನು ತಿರುವುಮುರುವು ಓದಿದ ಗುಂಪು ಬೆಟ್ಟ ಹತ್ತುತ್ತೇವೆಂದುಕೊಂಡು ಇಂಬಳ ತುಂಬಿದ ಕೊರಕಲಿಗೆ ಇಳಿದಿರುತ್ತದೆ.

ನಕ್ಷೆಯ ಮೇಲಿನ ಚೌಕದ ಸಂಖ್ಯೆ ಓದುವಾಗ ಮೊದಲು ಅಡ್ಡಕ್ಕೆ, ಆಮೇಲೆ ಮೇಲಕ್ಕೆ. ನಾಲ್ಕು ಅಂಕೆ ಕೊಟ್ಟರೆ ಒಂದು ಕಿಲೋಮೀಟರಿನ ಚೌಕ, ಆರು ಕೊಟ್ಟರೆ ನೂರು ಮೀಟರಿನದು, ಎಂಟು ಕೊಟ್ಟರೆ ಹತ್ತು ಮೀಟರಿನದು. ಆರು ಅಂಕೆಗಳನ್ನು ಹಿಂದುಮುಂದು ಮಾಡಿ ವೈರ್‌ಲೆಸ್ಸಿನಲ್ಲಿ ಹೇಳಿದವನ ತಪ್ಪನ್ನು ಯಾರೂ ತಿದ್ದಲಾರರು, ಏಕೆಂದರೆ ತಪ್ಪು ಸಂಖ್ಯೆಯೂ ನಕ್ಷೆಯಲ್ಲಿ ಎಲ್ಲೋ ಒಂದು ಕಡೆ ಸರಿಯಾಗಿ ಕೂರುತ್ತದೆ.

ಈಗ ರಾತ್ರಿ ನಡಿಗೆಯ ಚೀಟಿ. ಹಗಲಿನಲ್ಲೇ, ನಕ್ಷೆ ನೋಡಿ ತಯಾರಾಗಬೇಕು: ಎಲ್ಲಿಂದ ಎಲ್ಲಿಗೆ, ಎಷ್ಟು ಡಿಗ್ರಿ, ಎಷ್ಟು ಮೀಟರ್, ಎಷ್ಟು ಹೆಜ್ಜೆ, ಎಷ್ಟು ನಿಮಿಷ, ತಲುಪಿದ್ದು ಹೇಗೆ ಗೊತ್ತಾಗುತ್ತದೆ. ಕೊನೆಯ ಕಾಲಂ ಖಾಲಿ ಬಿಡುವವರೇ ಹೆಚ್ಚು, ರಾತ್ರಿ ಕೈಕೊಡುವುದೂ ಅದೇ. ದಾರಿಯನ್ನು ಸಣ್ಣ ಸಣ್ಣ ತುಂಡು ಮಾಡಬೇಕು. ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ 17 ಮೀಟರ್ ಆಚೀಚೆ. ಮೂರು ಡಿಗ್ರಿ ತಪ್ಪಿ ಐದು ಕಿಲೋಮೀಟರ್ ನಡೆದರೆ 260 ಮೀಟರ್. ಕಾಡಿನ ಕತ್ತಲಲ್ಲಿ 260 ಮೀಟರ್ ಅಂದರೆ ಬೇರೆ ಊರು. ಹಳ್ಳದ ಮೇಲಿನ ಒಂದು ಸಂಕಕ್ಕೆ ಹೋಗಬೇಕೆಂದಿದ್ದರೆ ನೇರ ಸಂಕಕ್ಕೇ ಗುರಿ ಇಡಬಾರದು. ಬೇಕಂತಲೇ ಐದು ಡಿಗ್ರಿ ಎಡಕ್ಕೆ ಇಡಬೇಕು. ಹಳ್ಳ ಸಿಕ್ಕಿದ ಕೂಡಲೇ ಬಲಕ್ಕೆ ತಿರುಗಿದರಾಯಿತು. ನೇರ ಗುರಿಯಿಟ್ಟವನು ಹಳ್ಳದ ದಡದಲ್ಲಿ ನಿಂತು ಸಂಕ ಎಡಕ್ಕೋ ಬಲಕ್ಕೋ ಎಂದು ತಿಣುಕುತ್ತಾನೆ.

ಹೆಜ್ಜೆ ಎಣಿಸಲು ಇಬ್ಬರನ್ನು ಇಡುತ್ತಾರೆ, ಇಬ್ಬರ ಸರಾಸರಿ ತೆಗೆದುಕೊಳ್ಳುತ್ತಾರೆ. ಕವಾಯತಿನ 30 ಇಂಚಿನ ಹೆಜ್ಜೆಯಲ್ಲಿ ನೂರು ಮೀಟರಿಗೆ 131 ಹೆಜ್ಜೆ. ಬೆನ್ನ ಮೇಲೆ ಪಿಟ್ಟು ಚೀಲ ಇದ್ದು, ಕತ್ತಲಾಗಿದ್ದು, ಏರು ಇದ್ದರೆ ಅದು 150 ದಾಟುತ್ತದೆ. ಜೊತೆಗೆ ನಕ್ಷೆ ತೋರಿಸುವುದು ಮಟ್ಟಸದ ದೂರ. 30 ಡಿಗ್ರಿ ಏರಿನಲ್ಲಿ ನಕ್ಷೆಯ ನೂರು ಮೀಟರ್ ಕಾಲಿಗೆ 115 ಮೀಟರ್. ಇವೆರಡೂ ಒಂದೇ ಕಡೆಗೆ ಎಳೆಯುತ್ತವೆ, ಹಾಗಾಗಿ ಬೆಟ್ಟದಲ್ಲಿ ಹೊಸಬರು ಯಾವಾಗಲೂ ಮೊದಲೇ ‘ಬಂದೆವು’ ಎಂದು ನಿಲ್ಲುತ್ತಾರೆ, ಗುರಿ ಇನ್ನೂ ಮೇಲೆ ಇರುತ್ತದೆ. ನೂರು ಮೀಟರಿಗೊಂದು ಬೆಣಚುಕಲ್ಲು ಎಡ ಜೇಬಿನಿಂದ ಬಲ ಜೇಬಿಗೆ. ಬಾಯಲ್ಲಿ ಎಣಿಸುವವನ ಲೆಕ್ಕ ಯಾರೋ ಮಾತಾಡಿಸಿದ ಕೂಡಲೇ ಹಾರಿಹೋಗುತ್ತದೆ, ಕಲ್ಲಿನ ಲೆಕ್ಕ ಹೋಗುವುದಿಲ್ಲ.

ಮಂಢೋಲ್ ತರಹದ ನದಿ ದಾಟುವಿಕೆಯ ಬಗ್ಗೆ ಭಾಷಣಗಳಲ್ಲಿ ಬರದ ಒಂದು ವಿವರವನ್ನು ಇಂಥ ಉಸ್ತಾದರು ತಪ್ಪದೇ ಹೇಳುತ್ತಾರೆ: ಕಾಲುಚೀಲ. ಡಿಸೆಂಬರಿನ ಹಿಮದ ನೀರಿಗೆ ಇಳಿಯುವ ಮೊದಲು ಕಾಲುಚೀಲ ಬಿಚ್ಚಿ ನೀರು ಹೋಗದ ಚೀಲದಲ್ಲಿ ಕಟ್ಟಿಟ್ಟು, ಬರಿಗಾಲಿಗೆ ಬೂಟು ಹಾಕಿಕೊಂಡು ದಾಟಬೇಕು. ಕಲ್ಲು ಚುಚ್ಚುವುದಿಲ್ಲ, ಜಾರುವುದಿಲ್ಲ. ಆಚೆ ದಡದಲ್ಲಿ ಬೂಟಿನ ನೀರು ಚೆಲ್ಲಿ ಒಣ ಕಾಲುಚೀಲ ಹಾಕಬೇಕು. ಮಾಡದವನ ಪಾದ ಎರಡು ತಾಸಿನಲ್ಲಿ ಬೊಬ್ಬೆ ಎದ್ದು, ವಾಪಸು ಬರುವಾಗ ಅವನನ್ನು ಇಬ್ಬರು ಹೊರಬೇಕಾಗುತ್ತದೆ. ದಾಳಿ ಮಾಡುವುದು ಅರ್ಧ ಗಂಟೆಯ ಕೆಲಸ, ಹೋಗಿ ಬರುವುದು ಇಡೀ ರಾತ್ರಿಯದು. ಪಾಠದ ಸಮಯವನ್ನೂ ಅವರು ಅದೇ ಪ್ರಮಾಣದಲ್ಲಿ ಹಂಚುತ್ತಾರೆ.

ಇವರ ಕೈಚಳಕ ನಿಜವಾಗಿ ಕಾಣುವುದು ಸ್ಯಾಂಡ್ ಮಾಡೆಲಿನಲ್ಲಿ, ಅಂದರೆ ನೆಲದ ಮೇಲೆ ಮಣ್ಣಿನಲ್ಲಿ ಕಟ್ಟುವ ಬೆಟ್ಟಗುಡ್ಡಗಳ ಪ್ರತಿಕೃತಿಯಲ್ಲಿ. ಹತ್ತು ಕಿಲೋಮೀಟರ್ ಉದ್ದಗಲದ ಜಾಗವನ್ನು 1:5,000ಕ್ಕೆ ಇಳಿಸಿದರೆ ಎರಡು ಮೀಟರ್ ಉದ್ದಗಲದ ಮಣ್ಣಿನ ಹಾಸು. ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿ ನೇರ ಗೆರೆಯಲ್ಲಿ ಸುಮಾರು 10 ಕಿಲೋಮೀಟರ್, ವಾಯವ್ಯಕ್ಕೆ ಹತ್ತಿರ ಹತ್ತಿರ 325 ಡಿಗ್ರಿ. ಎರಡೂ ಈ ಹಾಸಿನೊಳಗೆ ಹಿಡಿಯುತ್ತವೆ. ನೆಲದ ಹುಲ್ಲು ಕೆತ್ತಿ, ಒಂದು ಗೇಣು ಮಣ್ಣು ಹಾಕಬೇಕು. ನಮ್ಮ ಕೆಂಪುಮಣ್ಣು ಒಂದನ್ನೇ ಹಾಕಿದರೆ ಒಣಗಿ ಬಿರುಕು ಬಿಡುತ್ತದೆ, ಒಂದು ಪಾಲು ಮಣ್ಣಿಗೆ ಎರಡು ಪಾಲು ಮರಳು ಸೇರಿಸಿ ನೀರು ಚಿಮುಕಿಸಿಕೊಳ್ಳಬೇಕು. ಸುತ್ತ ಗೂಟ ಹೊಡೆದು 20 ಸೆಂಟಿಮೀಟರಿಗೊಂದು ದಾರ ಎಳೆದರೆ ನಕ್ಷೆಯ ಕಿಲೋಮೀಟರ್ ಚೌಕಗಳು ಸಿದ್ಧ. ಹಾಸಿನ ಉತ್ತರ ನಿಜವಾದ ಉತ್ತರಕ್ಕೇ ಇರಬೇಕು. ಅತಿಥಿಗಳ ಕುರ್ಚಿಗೆ ಮುಖ ಮಾಡಿ ಮಾಡೆಲ್ ತಿರುಗಿಸಿಡುವುದು ಪ್ರದರ್ಶನಕ್ಕೆ ಸರಿ, ಪಾಠಕ್ಕೆ ವಿಷ.

ಎತ್ತರಕ್ಕೆ ಕಡ್ಡಿಗಳು. ಶಿಖರ 1,930 ಮೀಟರ್. ಹಾಸಿನ ತಳವನ್ನು 1,000 ಮೀಟರ್ ಎಂದು ಹಿಡಿದರೆ 930 ಮೀಟರ್ ಏರು, ಅಂದರೆ ಮಾಡೆಲಿನಲ್ಲಿ ಹದಿನೆಂಟೂವರೆ ಸೆಂಟಿಮೀಟರ್. ನೋಡಲು ಚಪ್ಪಟೆ ಎನಿಸುವುದರಿಂದ ಎತ್ತರವನ್ನು ಎರಡರಷ್ಟು ಮಾಡಿ 37 ಸೆಂಟಿಮೀಟರಿಗೆ ತರುತ್ತಾರೆ. 100 ಮೀಟರಿನ ಪ್ರತಿ ಕಂಟೂರಿಗೆ 4 ಸೆಂಟಿಮೀಟರ್. ನಕ್ಷೆ ನೋಡಿಕೊಂಡು ಗೆರೆಯುದ್ದಕ್ಕೂ ಆಯಾ ಎತ್ತರದ ಕಡ್ಡಿ ನೆಟ್ಟು, ತುದಿ ಮುಚ್ಚುವಷ್ಟು ಮಣ್ಣು ತುಂಬಿ ಸವರಿದರೆ ಬೆಟ್ಟ ಎದ್ದು ನಿಲ್ಲುತ್ತದೆ. ಮೂರು ನಾಲ್ಕು ಪಟ್ಟು ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ದನ ಮೇಯುವ ಗುಡ್ಡವೂ ಕಂಬದಂತೆ ಕಂಡು ಹುಡುಗರು ಇಲ್ಲದ ದಾರಿ ಹುಡುಕಲು ಹೊರಡುತ್ತಾರೆ. ಒಂದು ಮಜಾ ಸಂಗತಿ: ಎತ್ತರವನ್ನು ಎಷ್ಟು ಪಟ್ಟು ಮಾಡಿದರೂ ಒಂದು ಜಾಗದಿಂದ ಇನ್ನೊಂದು ಕಾಣುತ್ತದೋ ಇಲ್ಲವೋ ಎಂಬುದು ಬದಲಾಗುವುದಿಲ್ಲ, ಎಲ್ಲವೂ ಒಂದೇ ಪ್ರಮಾಣದಲ್ಲಿ ಏರಿರುತ್ತದಲ್ಲ. ಎರಡು ಕಡ್ಡಿಗಳ ನಡುವೆ ದಾರ ಬಿಗಿದು, ದಾರ ಮಣ್ಣಿಗೆ ತಾಗಿದರೆ ಕಾಣುವುದಿಲ್ಲ ಎಂದು ತೋರಿಸಬಹುದು. ರಸ್ತೆಗೆ ಬಿಳಿ ರಂಗೋಲಿ, ನೀರಿಗೆ ನೀಲಿ, ಕಾಡಿಗೆ ಹಸಿರು ಬಣ್ಣ ಕಲಸಿದ ಮರದ ಹೊಟ್ಟು, ತೋಟಕ್ಕೆ ಕಾಫಿ ಸಿಪ್ಪೆ. ಮಳೆಗಾಲವಾದರೆ ಮೊದಲು ಟಾರ್ಪಾಲು, ಆಮೇಲೆ ಮಣ್ಣು.

ಪಾಠ ಹೇಳುವ ಕ್ರಮವೂ ಸೇನೆಯಲ್ಲಿ ಕಟ್ಟುನಿಟ್ಟು. ಸಬಕ್ (ಪಾಠ) ಒಂದಕ್ಕೆ 40 ನಿಮಿಷ. ‘ಶುರು ಶುರು ಕಾ ಕಾಮ್’ ಎಂದರೆ ಹಾಜರಿ, ಸಾಮಾನು ತಪಾಸಣೆ. ಆಮೇಲೆ ಹಿಂದಿನ ಪಾಠದ ಎರಡು ಮೂರು ಪ್ರಶ್ನೆ, ಆಮೇಲೆ ಈ ಪಾಠ ಏಕೆ ಬೇಕು, ಏನು ಕಲಿಯುತ್ತೇವೆ, ಎಷ್ಟು ಭಾಗ. ಉಸ್ತಾದ್ ಮಾಡಿ ತೋರಿಸಿದ ಮೇಲೆ ಹುಡುಗರು ಮಾಡಬೇಕು, ಹೆಚ್ಚಿನ ಸಮಯ ಅದಕ್ಕೇ. ಕಾಲೇಜು ಮೇಷ್ಟರಿಗೆ ಇದು ಯಾಂತ್ರಿಕ ಎನಿಸಬಹುದು. ಆದರೆ ಬೆಳಗಿನ ಪಿಟಿ, ಫಟೀಗ್ (ಶಿಬಿರದ ಮೈಮುರಿ ಕೆಲಸ), ಲಂಗರಿನ (ಸೇನೆಯ ಅಡುಗೆಮನೆಯ) ಊಟ ಮುಗಿಸಿ ಕೂತ ಸಿಪಾಯಿಯ ಕಣ್ಣು ಎಳೆಯುತ್ತಿರುತ್ತದೆ. ಕೈಗೆ ಕೆಲಸ ಕೊಡದ ಪಾಠ ಅವನಿಗೆ ಜೋಗುಳ. ಮೇಲಾಗಿ ಅರಕಲಗೂಡು, ಕಡೂರಿನ ಕನ್ನಡ ಮಾಧ್ಯಮದ ಹುಡುಗನಿಗೆ ತರಬೇತಿ ಕೇಂದ್ರದಲ್ಲಿ ಮೊದಲ ಎದುರಾಳಿ ಹಿಂದಿ. ಬ್ರಿಟಿಷರ ಕಾಲದಲ್ಲಿ ರೋಮನ್ ಲಿಪಿಯ ಉರ್ದು ಕಲಿಸುತ್ತಿದ್ದರು, ಆಮೇಲೆ ಅದು ಹಿಂದಿಯಾಯಿತು. ಪಾಠ ಅದೇ ಕ್ರಮದಲ್ಲಿ, ಅದೇ ಮಾತಿನಲ್ಲಿ ದಿನವೂ ಬಂದರೆ ಭಾಷೆ ಬಾರದವನೂ ಎರಡು ವಾರದಲ್ಲಿ ಹಿಡಿದುಕೊಳ್ಳುತ್ತಾನೆ.

ನಿವೃತ್ತಿಯ ನಂತರ ಇವರನ್ನು ನಮ್ಮ ಊರುಗಳು ಬಳಸಿಕೊಳ್ಳುವ ರೀತಿ ನೋಡಿದರೆ ಬೇಜಾರಾಗುತ್ತದೆ. ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್, ಎಸ್ಟೇಟಿನಲ್ಲಿ ರೈಟರ್, ಇಲ್ಲವೇ ಸೇನಾ ಭರ್ತಿಗೆ ಹುಡುಗರನ್ನು ಓಡಿಸುವ ಕೋಚ್. ಓಟ ಬೇಕು, ಬೇಡವೆನ್ನುವುದಿಲ್ಲ. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, ಹತ್ತು ಬೀಮ್ ಎಳೆದರೆ (ಕಂಬಿಗೆ ಜೋತು ಮೈಯನ್ನು ಮೇಲಕ್ಕೆಳೆದುಕೊಂಡರೆ) 40. ಅಂದರೆ 400 ಮೀಟರಿನ ಸುತ್ತಿಗೆ 82 ಸೆಕೆಂಡಿನ ಲಯ ಹಿಡಿಯಬೇಕು. ಗುಂಪಿನ ಉಮೇದಿಗೆ ಮೊದಲ ಸುತ್ತನ್ನು 70ಕ್ಕೆ ಓಡಿದವನು ಮೂರನೆಯದರಲ್ಲಿ ಕುಸಿಯುತ್ತಾನೆ. ಇದನ್ನು ಕಲಿಸಲು ಗಡಿಯಾರ ಇರುವ ಯಾರಾದರೂ ಸಾಕು. ಕತ್ತಲಲ್ಲಿ 80 ಕಿಲೋಮೀಟರಿನ ಲೆಕ್ಕ ತಪ್ಪದೆ ಇಟ್ಟ ಪಲ್ಟನ್ನಿನಲ್ಲಿ ಕಲಿತವರೇ ಬೇಕಿಲ್ಲ.

ಯುದ್ಧದ ಬಗ್ಗೆ ಅವರು ಮಾತಾಡದಿರುವುದಕ್ಕೆ ವಿನಯವೊಂದೇ ಕಾರಣವಲ್ಲ. ಜೊತೆಯಲ್ಲಿ ಹೋಗಿ ವಾಪಸು ಬಾರದವರ ಹೆಸರು ಆ ಕಥೆಯಲ್ಲಿರುತ್ತದೆ. ಪಾಠದಲ್ಲಿ ಆ ಹೆಸರು ಹೇಳಬೇಕಾಗಿಲ್ಲ, ಆ ರಾತ್ರಿ ಕಲಿತದ್ದನ್ನು ಮಾತ್ರ ದಾಟಿಸಬಹುದು. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ.

ಕರೆಯುವ ಶಾಲೆಗಳಿಗೆ ಕೆಲವು ಮಾತು. ಹೈಸ್ಕೂಲಿನ ಭೂಗೋಳದಲ್ಲಿ ನಕ್ಷೆಯ ಪಾಠ ಹೇಗೂ ಇದೆ, ಅದರ ವಾರಕ್ಕೇ ಕರೆಯಿರಿ. ಸರ್ವೆ ಆಫ್ ಇಂಡಿಯಾದ ಜಾಲತಾಣದಿಂದ ನಿಮ್ಮ ಊರಿನ ಹಾಳೆ ಇಳಿಸಿ, ಅಳತೆ ಕುಗ್ಗದಂತೆ ಮುದ್ರಿಸಿ ನಾಲ್ಕು ಮಕ್ಕಳಿಗೊಂದು ಕೊಡಿ. ಎ4 ಹಾಳೆಗೆ ಹಿಡಿಸಲು ಕುಗ್ಗಿಸಿದರೆ 2 ಸೆಂಟಿಮೀಟರಿಗೆ 1 ಕಿಲೋಮೀಟರ್ ಎಂಬ ಲೆಕ್ಕವೇ ಹೋಯಿತು. ಎರಡು ಗುರುತುಗಳ ದಿಕ್ಕು ನೋಡಿ, ನಕ್ಷೆಯಲ್ಲಿ ಗೆರೆ ಎಳೆದು ತಾನಿರುವ ಜಾಗ ಕಂಡುಹಿಡಿಯುವ ಅಭ್ಯಾಸಕ್ಕೆ ಆ ಗುರುತುಗಳ ನಡುವೆ ಕೋನ ಅಗಲವಿರಬೇಕು, 90 ಡಿಗ್ರಿಗೆ ಹತ್ತಿರವಾದಷ್ಟೂ ಒಳ್ಳೆಯದು. ಶ್ರವಣಬೆಳಗೊಳದ ವಿಂಧ್ಯಗಿರಿ, ಚಂದ್ರಗಿರಿ ಎರಡನ್ನೂ ದೂರದಿಂದ ಹಿಡಿದರೆ ಗೆರೆಗಳು ಒಂದರ ಮೇಲೊಂದು ಬಿದ್ದು ಕೂಡುವ ಜಾಗ ಕಿಲೋಮೀಟರುಗಟ್ಟಲೆ ಸರಿದಾಡುತ್ತದೆ. ಒಂದು ಬೆಟ್ಟ, ಇನ್ನೊಂದು ಬೇರೆ ದಿಕ್ಕಿನ ದೇವಸ್ಥಾನದ ಗೋಪುರವೋ ನೀರಿನ ಟ್ಯಾಂಕೋ ಇರಲಿ.

ರಾತ್ರಿ ನಡಿಗೆಯನ್ನು ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಯೋಚಿಸಲೇಬೇಡಿ, ಆನೆ ಯಾವ ತೋಟದಲ್ಲಿದೆಯೋ ಹೇಳಲಾಗದು. ಮುಳ್ಳಯ್ಯನಗಿರಿಯ ಕಡೆಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಗಲಲ್ಲೂ ಬೇಡ. ಶಾಲೆಯ ಮೈದಾನ ಸಾಕು. ನೂರು ಮೀಟರ್ ಅಳೆದು, ಪ್ರತಿಯೊಬ್ಬರೂ ತಮ್ಮ ಹೆಜ್ಜೆ ಎಷ್ಟೆಂದು ಮೊದಲು ಹಗಲಲ್ಲಿ, ಆಮೇಲೆ ಸಂಜೆ ಏಳರ ಮೇಲೆ ದೀಪ ಆರಿಸಿ ಕತ್ತಲಲ್ಲಿ ಎಣಿಸಿ ಬರೆದುಕೊಳ್ಳಲಿ. ಆಮೇಲೆ ಚೌಕಾಕಾರದ ನಾಲ್ಕು ತುಂಡಿನ ನಡಿಗೆ: 50 ಮೀಟರ್ 40 ಡಿಗ್ರಿಗೆ, 50 ಮೀಟರ್ 130ಕ್ಕೆ, 50 ಮೀಟರ್ 220ಕ್ಕೆ, 50 ಮೀಟರ್ 310ಕ್ಕೆ. ಸರಿಯಾಗಿ ನಡೆದರೆ ಹೊರಟ ಜಾಗಕ್ಕೇ ಬರುತ್ತಾರೆ. ಎಷ್ಟು ಮೀಟರ್ ತಪ್ಪಿದರು, ಯಾವ ಕಡೆಗೆ ತಪ್ಪಿದರು ಎಂಬುದನ್ನು ಟೇಪಿನಲ್ಲಿ ಅಳೆದು, ಕಾರಣ ಹೇಳುವ ಕೆಲಸವನ್ನು ಉಸ್ತಾದರಿಗೆ ಬಿಡಿ. ಮೈಕು ಬೇಕಾಗುವುದಿಲ್ಲ.